ಗುಜರಿ ಪೈಪಿನಲ್ಲಿ ಟೇಬಲ್ ಮಾಡಲು ಪೈಪ್ ಆರಿಸುವುದು ಹೇಗೆ

ಮೊದಲು ಬೆಂಗಳೂರಿನ ಪೀಣ್ಯ ಕಡೆಯ ಗುಜರಿ ಅಂಗಡಿಗಳನ್ನು ಸುತ್ತಿ. ಹಳೇ ಮನೆ ಒಡೆಯುವ ಜಾಗದಲ್ಲೂ ಮೇಸ್ತ್ರಿಯನ್ನು ಕೇಳಿ, ನೀರಿನ ಲೈನ್ ಕಿತ್ತಿದ್ದು ಅಲ್ಲೇ ಬಿದ್ದಿರುತ್ತೆ.

ಹುಡುಕಬೇಕಾದ್ದು ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್. ಕಪಾಟಿಗೆ ಅರ್ಧ ಇಂಚು ಸಾಕು, ಟೇಬಲ್ ಕಾಲಿಗೆ ಮುಕ್ಕಾಲು ಇಲ್ಲವೇ ಒಂದು ಇಂಚು. ಅರ್ಧ ಇಂಚು ಅನ್ನೋದು ಹೆಸರಷ್ಟೇ, ಹೊರಗಿನಿಂದ ಅಳೆದಾಗ ಸುಮಾರು 21 ಮಿ.ಮೀ. ಇರುತ್ತೆ, ಟೇಪ್ ಹಿಡಿದು ಗಾಬರಿಯಾಗಬೇಡಿ. ಪೈಪಿನ ಮೇಲೆ ಬಣ್ಣದ ಪಟ್ಟೆ ಉಳಿದಿದ್ದರೆ ನಿಮ್ಮ ಅದೃಷ್ಟ: ಹಳದಿ ಅಂದರೆ ಪೈಪಿನ ಗೋಡೆ ತೆಳು, ನೀಲಿ ಮಧ್ಯಮ, ಕೆಂಪು ದಪ್ಪ. ಗುಜರಿಯಲ್ಲಿ ತೂಕಕ್ಕೆ ಕಾಸು, ಹಾಗಾಗಿ ಸುಮ್ನೆ ಕೆಂಪು ಪಟ್ಟೆಯದನ್ನೇ ಆರಿಸಿದರೆ ಬಿಲ್ ಜಾಸ್ತಿ ಆಗುತ್ತೆ, ನೀಲಿ ಧಾರಾಳ ಸಾಕು.

ಜೇಬಿನಲ್ಲಿ ಅದೇ ಅಳತೆಯ ಒಂದು ಹೊಸ ಕಪ್ಲಿಂಗ್ (ಎರಡು ಪೈಪ್ ಜೋಡಿಸುವ ತುಂಡು) ಇಟ್ಟುಕೊಂಡು ಹೋಗಿ. ನಾನು ಮೊದಲ ಸಲ ಹಾಗೆ ಮಾಡದೆ ಆರು ತುಂಡು ಹೊತ್ತು ತಂದೆ, ನಾಲ್ಕರ ತುದಿಯ ಥ್ರೆಡ್ ಸವೆದು ಹೋಗಿತ್ತು! ಕಪ್ಲಿಂಗ್ ಕೈಯಲ್ಲೇ ಮೂರ್ನಾಲ್ಕು ಸುತ್ತು ಸಲೀಸಾಗಿ ತಿರುಗಬೇಕು. ಆಮೇಲೆ ಪೈಪನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಒಳಗಿಂದ ಬೆಳಕು ನೋಡಿ, ಸೊಟ್ಟಗಿದ್ದರೆ ತಕ್ಷಣ ಗೊತ್ತಾಗುತ್ತೆ. ಮೇಲಿನ ತುಕ್ಕು ತಂತಿ ಬ್ರಷ್‌ಗೆ ಹೋಗುತ್ತೆ, ಹೊಂಡ ಬಿದ್ದಿದ್ದರೆ ಬಿಡಿ.

ಫ್ಲ್ಯಾಂಜ್ (ಪೈಪನ್ನು ಹಲಗೆಗೆ ಕೂರಿಸುವ ಬಿಲ್ಲೆ), ಎಲ್ಬೋ (ಮೂಲೆಯಲ್ಲಿ ತಿರುಗಿಸುವ ತುಂಡು) ಎಲ್ಲ ಹೊಸದೇ ತಗೊಳ್ಳಿ, ಹಳೆಯದನ್ನು ಬಿಚ್ಚೋದರಲ್ಲೇ ಭಾನುವಾರ ಕಳೆಯುತ್ತೆ. ಗೇಟ್ ಮಾಡುವವರ ಹತ್ತಿರ ಕಟ್ ಮಾಡಿಸಬಹುದು, ಆದರೆ ಜಿಐ ವೆಲ್ಡಿಂಗ್ ಬೇಡ. ಸತುವಿನ ಹೊಗೆ ಕುಡಿದರೆ ಚಳಿಜ್ವರ ಗ್ಯಾರಂಟಿ ಅಂದುಕೊಳ್ಳಿ. ಹಳೇ ಪೇಂಟ್‌ನಲ್ಲಿ ಸೀಸ ಇರಬಹುದು, ಒಣಗಿದ್ದಾಗ ಉಜ್ಜಬೇಡಿ, ನೀರು ಹಾಕಿ ಉಜ್ಜಿ.