ಶಿರಸಿ ಜಾತ್ರೆಯಲ್ಲಿ ಹಗ್ಗದ ನಡಿಗೆ, ಮರಣಬಾವಿ, ಸರ್ಕಸ್: ಒಂದು ದಿನದಲ್ಲಿ ನೋಡುವ ಬಗೆ

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸೆಕೆ ಏರುವ ಹೊತ್ತಿಗೆ ಬರುತ್ತದೆ. ಮಂಗಳವಾರ ರಾತ್ರಿ ದೇವಿಯ ಕಲ್ಯಾಣ, ಬುಧವಾರ ರಥ, ಅಲ್ಲಿಂದ ಮುಂದಿನ ಬುಧವಾರದವರೆಗೆ ಬಿಡ್ಕಿಬೈಲಿನ ಗದ್ದುಗೆಯಲ್ಲಿ ದರ್ಶನ. ಆಟ ನೋಡಬೇಕೆಂದೇ ಬರುವವರು ರಥದ ದಿನ, ಭಾನುವಾರ ಎರಡನ್ನೂ ಬಿಡಿ. ಶುಕ್ರವಾರ, ಮಂಗಳವಾರ ದೇವಿಯ ವಾರ, ಸಾಲೇ ಮುಗಿಯುವುದಿಲ್ಲ. ನಡುವಿನ ಸೋಮವಾರ ಸಿಕ್ಕರೆ ಅದೇ ಸರಿ. ಬೆಳಿಗ್ಗೆ ದರ್ಶನ ಮುಗಿಸಿ, ಊಟ ಮಾಡಿ, ಬಿಸಿಲು ಇಳಿಯುವ ತನಕ ನೆರಳಲ್ಲಿರಿ. ಹಗ್ಗದ ಮೇಲಿನ ದೊಂಬರಾಟ ಸಂಜೆ ಐದಕ್ಕೆ, ದುಂಡನೆಯ ಹಲಗೆ ಗೋಡೆಯ ಮೇಲೆ ಬೈಕ್ ಓಡಿಸುವ ಮರಣಬಾವಿ ಆರಕ್ಕೆ, ಸರ್ಕಸ್ ಕೊನೆಗೆ ಎಂದು ಇಟ್ಟುಕೊಂಡರೆ ಮೂರೂ ದಕ್ಕುತ್ತವೆ.

ದೊಂಬರಾಟಕ್ಕೆ ಟೆಂಟಿಲ್ಲ, ಟಿಕೆಟ್ಟಿಲ್ಲ. ಡೋಲಿನ ಸದ್ದು ಕೇಳಿದ ಕಡೆ ಹೋಗಿ. ಎರಡು ಜೊತೆ ಬಿದಿರಿನ ಗಳಗಳನ್ನು ಕತ್ತರಿಯಾಕಾರದಲ್ಲಿ ಕಟ್ಟಿ, ನಡುವೆ ಹಗ್ಗ ಎಳೆದು, ಎರಡೂ ತುದಿಗಳನ್ನು ನೆಲದ ಗೂಟಕ್ಕೆ ಬಿಗಿದಿರುತ್ತಾರೆ. ಹಗ್ಗದ ಕೆಳಗಾಗಲಿ ಗೂಟದ ಹತ್ತಿರವಾಗಲಿ ನಿಲ್ಲಬೇಡಿ. ಜನ ಒತ್ತಿ ಗೂಟಕ್ಕೆ ಕಾಲು ತಾಗಿದರೆ ಹಗ್ಗ ಸಡಿಲವಾಗುತ್ತದೆ, ಮೇಲಿದ್ದವರ ಹೆಜ್ಜೆ ತಪ್ಪುತ್ತದೆ. ಹಗ್ಗದ ಉದ್ದಕ್ಕೆ ಎದುರಾಗಿ ನಿಂತರೆ ಪಾದ ಮಾತ್ರ ಕಾಣುತ್ತದೆ. ಪಕ್ಕದಿಂದ, ಹತ್ತು ಹದಿನೈದು ಅಡಿ ದೂರದಲ್ಲಿ ನಿಂತು ಕೈಯಲ್ಲಿರುವ ಉದ್ದನೆಯ ಗಳವನ್ನು ನೋಡಿ. ತೂಕ ಎರಡೂ ಬದಿಗೆ ದೂರ ಚಾಚಿರುವುದರಿಂದ ಮೈ ವಾಲುವುದು ನಿಧಾನವಾಗುತ್ತದೆ, ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ. ಡೋಲಿನ ಲಯ ಹೆಜ್ಜೆಯನ್ನು ಹೇಗೆ ಹಿಡಿದಿಡುತ್ತದೆ ಎಂಬುದನ್ನೂ ಗಮನಿಸಿ. ಆಟ ಮುಗಿದಾಗ ಕೊಡಲು ಹತ್ತು, ಇಪ್ಪತ್ತು, ಐವತ್ತರ ನೋಟುಗಳಿರಲಿ. ಅಷ್ಟು ಹೊತ್ತು ನಿಂತು ನೋಡಿ ತಟ್ಟೆ ಬರುವಾಗ ಹಿಂದೆ ಸರಿಯುವುದು ತಪ್ಪು. ಚಿಕ್ಕ ಮಕ್ಕಳನ್ನು ಹಗ್ಗ ಹತ್ತಿಸಿ ದುಡಿಸುತ್ತಿದ್ದರೆ ಮಾತ್ರ ಹಣ ಹಾಕಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

ಮರಣಬಾವಿಯ ಒಂದು ಆಟ ಕೆಲವೇ ನಿಮಿಷದ್ದು, ಮೇಲಿನ ಅಟ್ಟ ತುಂಬಿದಂತೆ ಶುರುವಾಗುತ್ತದೆ. ಕತ್ತಲಾಗುವ ಮುಂಚೆ ಹೋದರೆ ಟೈರು ಹಲಗೆಯ ಮೇಲೆ ಓಡುವ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಸವಾರ ನೇರವಾಗಿ ಗೋಡೆ ಹತ್ತುವುದಿಲ್ಲ. ತಳದಲ್ಲಿ ಸುತ್ತಿ, ಬುಡದ ಓರೆ ಹಲಗೆಯ ಮೇಲೆ ವೇಗ ಹಿಡಿದು, ಆಮೇಲೆ ಗೋಡೆಗೆ ದಾಟುತ್ತಾನೆ. ಆ ದಾಟುವ ಕ್ಷಣವನ್ನು ಬಿಡಬೇಡಿ. ಮೂವತ್ತು ಅಡಿ ಅಗಲದ ಬಾವಿಯಲ್ಲಿ ವೇಗ ಗಂಟೆಗೆ ಸುಮಾರು 30 ಕಿ.ಮೀ.ಗಿಂತ ಕೆಳಗಿಳಿದರೆ ಒಣ ಹಲಗೆಯ ಮೇಲೂ ಟೈರು ಜಾರುವ ಅಂಚಿಗೆ ಬರುತ್ತದೆ. 40 ಕಿ.ಮೀ.ಯಲ್ಲಿ ಗೋಡೆಗೆ ಒತ್ತುವ ಬಲ ಸವಾರನ ತೂಕದ ಎರಡೂವರೆ ಪಟ್ಟಿಗೂ ಹೆಚ್ಚು. ಅಷ್ಟು ಭಾರ ಹೊತ್ತುಕೊಂಡೇ ಅವನು ಕೈ ಬಿಟ್ಟು ಕೂರುತ್ತಾನೆ! ಅಡ್ಡಮಳೆ ಬಂದು ಹಲಗೆ ಒದ್ದೆಯಾಗಿದ್ದರೆ ಆ ದಿನ ಟಿಕೆಟ್ ತೆಗೆಸಬೇಡಿ. ನೀರು ಬಿದ್ದ ಮರದ ಮೇಲೆ ಮೇಲಿನ ಲೆಕ್ಕ ನಿಲ್ಲುವುದಿಲ್ಲ.

ಅಟ್ಟ ನಡುಗುವುದು ಸಹಜ. ಆದರೆ ಮೆಟ್ಟಿಲ ಹಲಗೆ ಅಲ್ಲಾಡುತ್ತಿದ್ದರೆ, ಜನ ಎರಡು ಸಾಲಿಗಿಂತ ಹೆಚ್ಚು ನಿಂತಿದ್ದರೆ ಮುಂದಿನ ಆಟಕ್ಕೆ ಕಾಯಿರಿ. ಮಕ್ಕಳನ್ನು ಹೆಗಲ ಮೇಲೆ ಕೂರಿಸಬೇಡಿ. ಸೈಲೆನ್ಸರ್ ತೆಗೆದ ಬೈಕುಗಳ ಸದ್ದಿಗೆ ಕಿವಿಗೆ ಹತ್ತಿ ಬೇಕು. ಗಾಳಿ ಬರುವ ಬದಿಗೆ ನಿಲ್ಲಿ, ಹೊಗೆ ಎದುರು ಬದಿಗೆ ಹೋಗುತ್ತದೆ. ಸವಾರ ಕಿತ್ತುಕೊಳ್ಳಲಿ ಎಂದು ಕೆಲವರು ನೋಟು ಚಾಚುತ್ತಾರೆ. ನೀವು ಹಾಗೆ ಬಾಗಬೇಡಿ: ಮೊಬೈಲೋ ಕನ್ನಡಕವೋ ಒಳಗೆ ಬಿದ್ದರೆ ಅದು ಚಕ್ರದ ದಾರಿಗೇ ಬೀಳುತ್ತದೆ. ಕೊಡುವುದಿದ್ದರೆ ಇಳಿದು ಬಂದು ಕೈಗೆ ಕೊಡಿ.

ಸರ್ಕಸ್ ಸಾಮಾನ್ಯವಾಗಿ ಮಧ್ಯಾಹ್ನ 1, ಸಂಜೆ 4, ರಾತ್ರಿ 7ಕ್ಕೆ. ಸೆಕೆಯಲ್ಲಿ ಟೆಂಟಿನೊಳಗೆ ನೋಡುವವರಿಗೂ ಕಷ್ಟ, ಬೆವರಿದ ಕೈಯಲ್ಲಿ ಜೋಕಾಲಿಯ ಬಾರ್ ಹಿಡಿಯುವವರಿಗೂ ಕಷ್ಟ. ಹಾಗಾಗಿ ಏಳರ ಆಟವೇ ಮೇಲು. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳ ಪ್ರದರ್ಶನವನ್ನು 1998ರ ಅಧಿಸೂಚನೆ ನಿಷೇಧಿಸಿತು, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಸರ್ಕಸ್ ಕಳೆಗುಂದಿತು ಎಂದು ಹೇಳುವವರಿದ್ದಾರೆ. ಮನುಷ್ಯ ಮೈಯ ಸಾಧನೆ ಈಗಲೇ ಚೆನ್ನಾಗಿ ಕಣ್ಣಿಗೆ ಬೀಳುತ್ತದೆ ಎಂಬುದು ನಮ್ಮ ಅಭಿಪ್ರಾಯ.

ರಿಂಗಿನ ಪಕ್ಕದ ಕುರ್ಚಿಗೆ ದುಡ್ಡು ಹೆಚ್ಚು, ಆದರೆ ಮೇಲೆ ತೂಗುತ್ತಾ ಒಬ್ಬರಿಂದೊಬ್ಬರಿಗೆ ಹಾರುವ ಜೋಕಾಲಿ ಆಟಕ್ಕೆ (ಟ್ರಪೀಜ್) ಅದು ಒಳ್ಳೆಯ ಜಾಗವಲ್ಲ. ಕತ್ತು ಮೇಲೆತ್ತಿ ನೋವು ಬರುತ್ತದೆ, ಬಲೆ ಅಡ್ಡ ಬರುತ್ತದೆ. ಒಳಗೆ ಹೋದ ಕೂಡಲೇ ಮೇಲೆ ಕಟ್ಟಿದ ಜೋಕಾಲಿಗಳು ಯಾವ ದಿಕ್ಕಿಗೆ ತೂಗುತ್ತವೆ ನೋಡಿ, ಅದಕ್ಕೆ ಅಡ್ಡಬದಿಯ ಗ್ಯಾಲರಿಯ ನಡುಮಟ್ಟದಲ್ಲಿ ಕೂರಿ. ಹಲಗೆಗಳ ಸಂದಿಯಲ್ಲಿ ಚಪ್ಪಲಿ, ಕೀಲಿಕೈ ಬೀಳುತ್ತವೆ, ಚೀಲ ತೊಡೆಯ ಮೇಲಿರಲಿ. ಬಲೆ ಕಟ್ಟಿ ಬಿಚ್ಚಲು ಹೊತ್ತು ಹಿಡಿಯುವುದರಿಂದ ಜೋಕಾಲಿಯನ್ನು ಆಟದ ಮೊದಲಿಗೋ ಕೊನೆಗೋ ಇಡುತ್ತಾರೆ. ತಡವಾಗಿ ಹೋದವರೂ ಬೇಗ ಎದ್ದವರೂ ಕಳೆದುಕೊಳ್ಳುವುದು ಅದನ್ನೇ.

ಎಲ್ಲರ ಕಣ್ಣು ಹಾರುವವರ ಮೇಲಿರುತ್ತದೆ. ಎರಡನೇ ಸಲ ಹಾರುವಾಗ ನೀವು ಹಿಡಿಯುವವನನ್ನು ನೋಡಿ. ಮಂಡಿ ಮಡಿಸಿ ತಲೆಕೆಳಗಾಗಿ ತೂಗುತ್ತಾ ಲಯ ಕಾಯ್ದುಕೊಳ್ಳುವವನು ಅವನು. ಹಾರುವವಳು ಬಾರ್ ಬಿಡುವುದು ತೂಗು ತುದಿ ಮುಟ್ಟಿ ಅರೆಗಳಿಗೆ ನಿಂತಂತಾಗುವಾಗ. ಒಬ್ಬರ ಬೆರಳು ಇನ್ನೊಬ್ಬರ ಮಣಿಕಟ್ಟು ಹಿಡಿಯುತ್ತದೆ, ಒಂದು ಕೈ ಜಾರಿದರೂ ಇನ್ನೊಂದರ ಹಿಡಿತ ಉಳಿಯಲೆಂದು. ಆ ಹೊತ್ತಿಗೆ ಫ್ಲ್ಯಾಷ್ ಹಾಕುವುದು, ಟಾರ್ಚ್ ಬಿಡುವುದು ಬೇಡವೇ ಬೇಡ, ಅವರ ಕಣ್ಣು ಕೈಯನ್ನು ಹುಡುಕುತ್ತಿರುತ್ತದೆ. ಹಿಡಿತ ತಪ್ಪಿ ಬಲೆಗೆ ಬಿದ್ದರೆ ಕೂಗಬೇಡಿ. ಬೆನ್ನಿನ ಮೇಲೆ ಬೀಳುವುದನ್ನೂ ಅವರು ಕಲಿತೇ ಬಂದಿರುತ್ತಾರೆ. ಹೊಟ್ಟೆಯಡಿಯಾಗಿ ಬಿದ್ದರೆ ಕುತ್ತಿಗೆ ಸೊಂಟ ಹಿಂದಕ್ಕೆ ಬಾಗಿ ಪೆಟ್ಟಾಗುತ್ತದೆ. ಮತ್ತೆ ಹತ್ತಿದಾಗ ಚಪ್ಪಾಳೆ ತಟ್ಟಿ.

ಕುಮಟಾ ಕಡೆಯವರು ಇಲ್ಲಿಂದ ಸುಮಾರು 60 ಕಿ.ಮೀ., ದೇವಿಮನೆ ಘಟ್ಟ ಇಳಿಯಬೇಕು. ರಾತ್ರಿಯ ಕೊನೆಯ ಬಸ್ ಎಷ್ಟಕ್ಕೆ ಎಂದು ಬೆಳಿಗ್ಗೆ ಇಳಿದ ನಿಲ್ದಾಣದಲ್ಲೇ ಕೇಳಿಕೊಳ್ಳಿ, ಅದು ಸರಿಹೊಂದದಿದ್ದರೆ ಸರ್ಕಸ್ಸಿನ ನಾಲ್ಕರ ಆಟಕ್ಕೆ ಟಿಕೆಟ್ ಮಾಡಿಸಿ, ಮರಣಬಾವಿಯನ್ನು ಅದರ ನಂತರಕ್ಕೆ ಹಾಕಿ.