ಪ್ರೆಸ್ಸಿನ ಫೈಲುಗಳನ್ನು ನಮ್ಮ ಕೈಗೆ ತಂದುಕೊಂಡದ್ದು

ಹುಬ್ಬಳ್ಳಿಯಲ್ಲಿ ನಮ್ಮದು ಹನ್ನೆರಡು ಜನರ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಸ್ಮರಣ ಸಂಚಿಕೆ, ಎಲ್ಲದರ ಫೈಲೂ ಒಂದು ವಿದೇಶಿ ಕ್ಲೌಡ್‌ನಲ್ಲಿದ್ದವು. 2025ರ ಜುಲೈನಲ್ಲಿ ಯುರೋಪಿನ ನಿರ್ಬಂಧದ ಕಾರಣಕ್ಕೆ ತೈಲ ಕಂಪನಿ ನಯಾರಾ ಎನರ್ಜಿಗೆ ಮೈಕ್ರೋಸಾಫ್ಟ್ ಸೇವೆ ನಿಂತಿತು. ಅವರು ದೆಹಲಿ ಹೈಕೋರ್ಟಿಗೆ ಹೋದರು, ಸೇವೆ ಮತ್ತೆ ಶುರುವಾಯಿತು. ನಮ್ಮಂಥವರು ಯಾವ ಕೋರ್ಟಿಗೆ ಹೋಗೋದು? ಆ ವಾರವೇ ಕೆಲಸಕ್ಕೆ ಕೂತೆ.

ಒಂದು ಕಂಪ್ಯೂಟರಿಗೆ ಎರಡು ಡಿಸ್ಕ್ ಹಾಕಿ, ಡೆಬಿಯನ್ (ವಿಂಡೋಸ್ ಬದಲಿಗೆ ಬಳಸುವ ಒಂದು ಲಿನಕ್ಸ್) ಮೇಲೆ, ನಮ್ಮದೇ ಕ್ಲೌಡ್ ನಡೆಸುವ ತಂತ್ರಾಂಶ ನೆಕ್ಸ್ಟ್‌ಕ್ಲೌಡ್ ಕೂರಿಸಿದೆ. ಇದಕ್ಕೆ ಎರಡು ದಿನ ಸಾಕಾಯಿತು. ಯುಪಿಎಸ್ ಮಾತ್ರ ಒಳ್ಳೇದೇ ತಗೊಳ್ಳಿ.

ನಿಜವಾದ ಕಷ್ಟ ಇದ್ದದ್ದು ಕನ್ನಡದಲ್ಲಿ. ಡಿಟಿಪಿ ಕಂಪ್ಯೂಟರಿಗೂ ಲಿನಕ್ಸ್ ಹಾಕಿ, ವರ್ಡ್ ಬಿಟ್ಟು ಲಿಬ್ರೆಆಫೀಸ್‌ಗೆ ಬಂದ ಮೊದಲ ದಿನವೇ ನಮ್ಮ ಡಿಟಿಪಿ ಹುಡುಗಿ ಕರೆದಳು: "ಅಣ್ಣಾರ, ಪುಟ ಎಲ್ಲಾ ಜರಗ್ಯಾವ ನೋಡ್ರಿ." 64 ಪುಟದ ಸಂಚಿಕೆ 67 ಆಗಿತ್ತು. ಫೈಲಿನಲ್ಲಿದ್ದ ತುಂಗಾ ಫಾಂಟ್ ಲಿನಕ್ಸ್‌ನಲ್ಲಿ ಇಲ್ಲ. ಅದರ ಜಾಗಕ್ಕೆ ನೋಟೊ ಸಾನ್ಸ್ ಬಂದಿತ್ತು, ಅಕ್ಷರದ ಅಳತೆಯೇ ಬೇರೆ. 'ನುಡಿ' ತಂತ್ರಾಂಶದಲ್ಲಿ ಮಾಡಿದ ಹಳೇ ಫೈಲುಗಳದ್ದು ಇನ್ನೊಂದು ಪಾಡು. ಆ ಫಾಂಟ್ ಇಲ್ಲದಿದ್ದರೆ ಕನ್ನಡವೇ ಕಾಣೋದಿಲ್ಲ, ಬರೀ ರೋಮನ್ ಅಕ್ಷರದ ಗಜಿಬಿಜಿ. ಮತ್ತೆ ಬೇಕಾಗುವ ಫೈಲುಗಳನ್ನಷ್ಟೇ ಆರಿಸಿ ಯೂನಿಕೋಡ್‌ಗೆ ಬದಲಿಸಿದೆವು. ಅರ್ಕಾವತ್ತು ಬಂದ ಕಡೆಯೆಲ್ಲ ಕಣ್ಣಿಟ್ಟು ನೋಡಬೇಕಾಯಿತು. ಲಗ್ನಪತ್ರಿಕೆಯಲ್ಲಿ ಮನೆತನದ ಹೆಸರು ತಪ್ಪಿದರೆ ಯಾರು ಸುಮ್ನೆ ಬಿಡ್ತಾರೆ?

ಎಲ್ಲವನ್ನೂ ಬದಲಿಸಲಿಲ್ಲ. ಲೆಕ್ಕಪತ್ರದ ಟ್ಯಾಲಿ, ವಿನ್ಯಾಸದ ಕೋರಲ್‌ಡ್ರಾ ವಿಂಡೋಸ್‌ನಲ್ಲೇ ಇವೆ. ಮೇಲ್ ಸರ್ವರ್ ಕೂಡ ನಾವೇ ನಡೆಸುವುದಿಲ್ಲ. ಹೊಸ ಸರ್ವರಿನಿಂದ ಹೋದ ಮೇಲ್ ಗಿರಾಕಿಯ ಸ್ಪ್ಯಾಮ್‌ಗೆ ಬೀಳುವುದು ಜಾಸ್ತಿ, ಕೊಟೇಶನ್ ಕಳೆದುಹೋದರೆ ಕೆಲಸವೇ ಹೋಯಿತು.

ಮೂರನೇ ತಿಂಗಳಲ್ಲಿ ಬ್ಯಾಕಪ್ಪಿನಿಂದ ಎಲ್ಲವನ್ನೂ ವಾಪಸ್ ತಂದು ನೋಡೋಣ ಎಂದು ಒಂದು ಹಳೇ ಕಂಪ್ಯೂಟರ್ ಎತ್ತಿಕೊಂಡೆ. ಫೈಲುಗಳು ಬಂದವು. ಯಾರಿಗೆ ಯಾವ ಫೋಲ್ಡರ್ ಕೊಟ್ಟಿದ್ದೆವು ಅನ್ನೋ ಲೆಕ್ಕ ಬರಲಿಲ್ಲ. ಬಳಕೆದಾರರ ಹೆಸರೂ ಇಲ್ಲ. ಅವೆಲ್ಲ ಡೇಟಾಬೇಸಿನಲ್ಲಿರುತ್ತವೆ, ನಾನು ರಾತ್ರಿ ನಕಲು ಮಾಡುತ್ತಿದ್ದದ್ದು ಫೈಲಿನ ಫೋಲ್ಡರ್ ಮಾತ್ರ. ಅವತ್ತು ಎದೆ ಝಲ್ಲೆಂದಿತು. ಅಸಲಿ ಸರ್ವರ್ ಇನ್ನೂ ಓಡುತ್ತಿತ್ತು, ಅದೇ ಪುಣ್ಯ.

ಈಗ ರಾತ್ರಿ ಎರಡಕ್ಕೆ ಡೇಟಾಬೇಸ್, ಫೈಲು, ಸೆಟ್ಟಿಂಗ್ ಮೂರೂ ನಕಲಾಗುತ್ತವೆ. ಒಂದು ಪ್ರತಿ ಪ್ರೆಸ್ಸಿನಲ್ಲಿ, ಇನ್ನೊಂದು ನಮ್ಮ ಮನೆಯಲ್ಲಿ. ತಿಂಗಳ ಮೊದಲ ಶನಿವಾರ ಆ ಹಳೇ ಕಂಪ್ಯೂಟರಿಗೆ ಎಲ್ಲವನ್ನೂ ಇಳಿಸುತ್ತೇವೆ. ಆಮೇಲೆ ಆ ಡಿಟಿಪಿ ಹುಡುಗಿ ತನ್ನ ಹೆಸರಿನಲ್ಲಿ ಲಾಗಿನ್ ಆಗಿ, ಯಾವುದಾದರೂ ಒಂದು ಹಳೇ ಲಗ್ನಪತ್ರಿಕೆ ತೆರೆದು, ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾಳೆ.