ಎಂಎಸ್ ಇರುವ ಮಕ್ಕಳ ಹಿಪ್ಪೊಕ್ಯಾಂಪಸ್ ಅಳೆಯುವಾಗ

ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳುಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ದೊಡ್ಡವರ ಕಾಯಿಲೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ ನೂರು ರೋಗಿಗಳಲ್ಲಿ ಸುಮಾರು ಮೂರರಿಂದ ಐದು ಮಂದಿಗೆ ಅದು 18 ವರ್ಷದೊಳಗೇ ಶುರುವಾಗಿರುತ್ತದೆ. ಕಣ್ಣು ಮಂಜಾದದ್ದು, ಕಾಲು ಜೋಮು ಹಿಡಿದದ್ದು ಎಲ್ಲ ಹೇಳಿದ ಮೇಲೆ ತಾಯಂದಿರು ಮೆಲ್ಲಗೆ "ಓದಿದ್ದು ತಲೇಲಿ ನಿಲ್ತಾ ಇಲ್ಲ ಡಾಕ್ಟ್ರೇ" ಅನ್ನುತ್ತಾರೆ. ಆ ಮಾತನ್ನು ಕೇಳಿ ಕೇಳಿಯೇ ನಾನು ಎಂಆರ್‌ಐ ಸ್ಕ್ಯಾನಿನಲ್ಲಿ ಮಿದುಳಿನ ಮೂರು ಭಾಗಗಳ, ಅಂದರೆ ನೆನಪು ಕಟ್ಟುವ ಹಿಪ್ಪೊಕ್ಯಾಂಪಸ್, ಭಾವನೆಗೆ ಸಂಬಂಧಿಸಿದ ಅಮಿಗ್ಡಲಾ, ಸಂದೇಶ ಸಾಗಿಸುವ ಥಾಲಮಸ್‌ಗಳ ಗಾತ್ರ ಅಳೆಯತೊಡಗಿದ್ದು.

ಫ್ಲೇರ್ ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಕಾಯಿಲೆಯ ಬಿಳಿ ಕಲೆಗಳು ಚೆನ್ನಾಗಿ ಕಾಣುತ್ತವೆ, ಆದರೆ ಅಳತೆಗೆ ಒಂದು ಮಿ.ಮೀ. ದಪ್ಪದ ಸ್ಲೈಸ್‌ಗಳ 3ಡಿ ಟಿ1 ಎಂಬ ಇನ್ನೊಂದು ಬಗೆಯ ಚಿತ್ರ ಬೇಕು. ಆಗ ಮಗು ಅಲುಗಿದರೆ ಮಿದುಳಿನ ಬೂದುಭಾಗ (ನರಕೋಶಗಳಿರುವ ಭಾಗ) ಇರುವುದಕ್ಕಿಂತ ಕಡಿಮೆ ಎಂದು ಲೆಕ್ಕ ಬರುತ್ತದೆ. ಇಲ್ಲದ ಸವೆತ ಕಂಡುಬಿಡುತ್ತದೆ. ಅದಕ್ಕೇ ಮಗು ದಣಿಯುವ ಮೊದಲೇ ಈ ಚಿತ್ರ ತೆಗೆದು ಮುಗಿಸುತ್ತೇನೆ. ಯಂತ್ರದ ಸದ್ದನ್ನು ಮುಂಚೆಯೇ ಮೊಬೈಲಿನಲ್ಲಿ ಕೇಳಿಸಿರುತ್ತೇನೆ. ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್‌ನ ಡ್ರಿಪ್ ಆದ ಬೆನ್ನಿಗೇ ಅಳೆಯುವುದಿಲ್ಲ. ಸ್ಟೀರಾಯ್ಡ್ ಊತ ಇಳಿಸುವುದರಿಂದ ಮಿದುಳು ಕುಗ್ಗಿದ ಹಾಗೆ ತೋರುತ್ತದೆ.

ಈ ಭಾಗಗಳ ಅಂಚುಗಳನ್ನು ಫ್ರೀಸರ್ಫರ್ ಎಂಬ ಸಾಫ್ಟ್‌ವೇರ್ ತಾನೇ ಎಳೆದು ಕೊಡುತ್ತದೆ, ಆದರೂ ಕಣ್ಣಲ್ಲಿ ನೋಡದೆ ನಾನು ಒಪ್ಪುವುದಿಲ್ಲ. ಹಿಪ್ಪೊಕ್ಯಾಂಪಸ್‌ನ ಮುಂಭಾಗ ಅಮಿಗ್ಡಲಾಕ್ಕೆ ತಾಗುವ ಕಡೆ ಎರಡಕ್ಕೂ ಒಂದೇ ಬೂದುಬಣ್ಣ. ಸ್ಯಾಜಿಟಲ್ (ಪಕ್ಕದಿಂದ ನೋಡಿದ) ನೋಟಕ್ಕೆ ಬದಲಿಸಿ ಹಿಗ್ಗಿಸಿದರೆ ನಡುವೆ ಆಲ್ವಿಯಸ್ ಎಂಬ ನರತಂತುಗಳ ತೆಳು ಪದರದ ಬಿಳಿ ಗೆರೆ ಸಿಗುತ್ತದೆ, ಕೂದಲೆಳೆಯಷ್ಟು. ಅದನ್ನೇ ಹಿಡಿದುಕೊಂಡು ಸ್ಲೈಸ್ ಸ್ಲೈಸ್ ತಿದ್ದುತ್ತೇನೆ. ದೊಡ್ಡವರಲ್ಲೇ ಒಂದು ಬದಿಯ ಹಿಪ್ಪೊಕ್ಯಾಂಪಸ್ ಮೂರು–ನಾಲ್ಕು ಘನ ಸೆಂ.ಮೀ. ಅಷ್ಟೇ. ಗಡಿ ಒಂದು ಮಿ.ಮೀ. ಜರುಗಿದರೂ ಉತ್ತರ ಬದಲಾಗುತ್ತದೆ.

ಇಷ್ಟಾದರೂ ಆ ಸಂಖ್ಯೆ ಒಂದರಿಂದಲೇ ಏನೂ ತಿಳಿಯದು. ದೊಡ್ಡವರಲ್ಲಿ ಎಷ್ಟು ಸವೆಯಿತು ಎಂದು ನೋಡಿದರೆ ಸಾಕು. ಮಕ್ಕಳಲ್ಲಿ ಎಷ್ಟು ಬೆಳೆಯಬೇಕಿತ್ತು, ಎಷ್ಟು ಬೆಳೆಯಿತು ಎಂದು ಕೇಳಬೇಕು. ಎಂಎಸ್ ಇರುವ ಮಕ್ಕಳ ಮಿದುಳು ವಯಸ್ಸಿಗೆ ತಕ್ಕಷ್ಟು ಬೆಳೆಯುವುದಿಲ್ಲ, ಥಾಲಮಸ್‌ಗಂತೂ ಪೆಟ್ಟು ಬೇಗ ಬೀಳುತ್ತದೆ. ಹತ್ತರ ಹುಡುಗಿಯ ಅಳತೆ ಹನ್ನೆರಡಕ್ಕೂ ಅಷ್ಟೇ ಇದ್ದರೆ "ಬದಲಾವಣೆ ಇಲ್ಲ" ಎಂದು ಬರೆದು ಕೈತೊಳೆದುಕೊಳ್ಳುವುದು ಅನ್ಯಾಯ ಎಂದೇ ನನ್ನ ಭಾವನೆ. ಹಾಗಾಗಿ ತಲೆಬುರುಡೆಯ ಒಳಗಾತ್ರಕ್ಕೆ ಹೊಂದಿಸಿ, ಅದೇ ವಯಸ್ಸಿನ ಆರೋಗ್ಯವಂತ ಮಕ್ಕಳ ಅಳತೆಯ ಪಕ್ಕದಲ್ಲಿಟ್ಟು, ಹಳೆಯ ಸ್ಕ್ಯಾನ್ ತೆರೆದು ನೋಡುತ್ತೇನೆ.

ಆಕೃತಿಗಳನ್ನು ನೋಡಿ, ಹೊತ್ತು ಬಿಟ್ಟು ನೆನಪಿನಿಂದ ಬರೆಯುವ ಪರೀಕ್ಷೆಯನ್ನೂ ಮಾಡಿಸಲು ವರದಿಯಲ್ಲಿ ಸೂಚಿಸುತ್ತೇನೆ. ಗಾತ್ರ ಮತ್ತು ಆ ಅಂಕ ಎರಡೂ ಕೈಯಲ್ಲಿದ್ದರೆ, ಪರೀಕ್ಷೆಗೆ ಹೆಚ್ಚು ಸಮಯ ಕೊಡಿ ಎಂದು ಶಾಲೆಯಲ್ಲಿ ಕೇಳುವ ತಾಯಿಯ ಮಾತಿಗೆ ಬಲ ಬರುತ್ತದೆ.